ಮುಟ್ಟಬಾರದಿದ್ದ ಕಾಫಿ

ಅಕ್ಕಾ ಪಟ್ಟಣ, ಮಂಗಳವಾರ

ಮಾನ್ಯ ಅಬು ಫಾರಿಸ್ ಅವರಿಗೆ,

ಯೆಹೂದಿ-ಅರಬರ ಗಲಭೆಯಲ್ಲಿ ನನ್ನ ಮಗ ಈತಮಾರ್ ಎಸೆದ ಕಲ್ಲಿಗೆ ನಿಮ್ಮ ಮಗ ಫಾರಿಸನ ಕಣ್ಣು ಹೋಯಿತು. ಕ್ಷಮೆ ಕೇಳಲೆಂದೇ ನಿನ್ನೆ ನಿಮ್ಮ ಮನೆಗೆ ಬಂದೆ. ನಾನು ಬಾಯಿ ತೆರೆಯುವ ಮೊದಲೇ ನೀವು ಕಾಫಿ ಇಟ್ಟಿರಿ. ಬಿಟ್ಟರೆ ಅವಮಾನವಾದೀತೆಂದು ಕುಡಿದೆ. ಏಲಕ್ಕಿ ಚೆನ್ನಾಗಿದೆ ಎಂದು ಹೊಗಳಿಯೂ ಬಿಟ್ಟೆ. ನಾನು ಕ್ಷಮೆ ಕೇಳುವ ಮೊದಲೇ ನೀವು ಎದ್ದು ಒಳಗೆ ಹೋದಿರಿ.

ಇಂದು ಕ್ಷೌರದ ನಿಮ್ರ್‌ಗೆ ಇದನ್ನು ಹೇಳಿದೆ. ಅವನ ಕತ್ತರಿ ನಿಂತಿತು. "ಕುಡ್ದೇ ಬಿಟ್ರಾ ಯಜಮಾನ್ರೆ? ನಮ್ಮ ಅರಬರಲ್ಲಿ ಏನಾದ್ರೂ ಕೇಳೋಕೆ ಬಂದೋರು, ಮನೆಯವ್ರು 'ಆಯ್ತು' ಅನ್ನೋವರೆಗೂ ಕಾಫಿ ಮುಟ್ಟಲ್ಲ. ಕುಡಿದ್ರೆ, ಕೇಳೋದೇನೂ ಇಲ್ಲ ಅಂತ."

ಅರ್ಧ ಕ್ಷೌರದಲ್ಲೇ ಎದ್ದು ಬಂದಿದ್ದೇನೆ. ನಲವತ್ತು ವರ್ಷ ನಿಮ್ಮೆದುರೇ ಬದುಕಿದ ಯೆಹೂದಿಗೆ ಇಷ್ಟೂ ಗೊತ್ತಿರಲಿಲ್ಲ.

ಗುರುವಾರ ಬರಲೇ? ದಯವಿಟ್ಟು ಇನ್ನೊಮ್ಮೆ ಕಾಫಿ ಇಡಿ. ಅದು ಆರಿ ತಣ್ಣಗಾದರೂ ನಾನು ಕೂತೇ ಇರುತ್ತೇನೆ.

ನಿಮ್ಮ ಎದುರುಮನೆಯ
ಎಲ್ಕಾನಾ