ಸೂಪಿನ ಬಟ್ಟಲಿಗೆ ಸುರಿದ ವೈನ್

ವರ್ಸೈ, ಭಾನುವಾರ

ತಂಗಿ ಓಡೆಟ್,

ಅರಮನೆಯ ಎದುರಿನ ಹೋಟೆಲಿನಲ್ಲಿ ನಮ್ಮ ಹೊಸ ಬೀಗರು ಊಟ ಹಾಕಿಸಿದರು. ನಿನ್ನ ಭಾವ, ನಮ್ಮೂರಲ್ಲಿ ಎಲ್ಲರೂ ಮಾಡುವಂತೆ, ಬಟ್ಟಲಲ್ಲಿ ಉಳಿದ ಸೂಪಿಗೆ ಕೆಂಪು ವೈನ್ ಸುರಿದು, ಎತ್ತಿ ಗಟಗಟನೆ ಕುಡಿದುಬಿಟ್ಟರು.

"ಬಟ್ಟಲು ತೊಳೆಯೋ ಕೆಲಸಾನೂ ಉಳೀತಲ್ಲ!" ಎಂದು ಬೀಗಿತ್ತಿ ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅಯ್ಯೋ, ನಮ್ಮನೇಲಿ ಯಾರೂ ಹೀಗೆ ಮಾಡಲ್ಲ. ಇವರಿಗೆ ಇವತ್ತೇನಾಯ್ತೋ!" ಅಂದುಬಿಟ್ಟೆ.

ನಿನ್ನ ಭಾವ ಮೀಸೆ ಒರೆಸಿಕೊಂಡು, "ತಪ್ಪಾಯ್ತು" ಅಂದರು, ಅಷ್ಟೇ.

ಆಮೇಲೆ ಅರಮನೆಯ ಕನ್ನಡಿ ಹಜಾರದಲ್ಲಿ ಎತ್ತ ತಿರುಗಿದರೂ ನನ್ನ ಮುಖವೇ. ನೋಡಲಾಗಲಿಲ್ಲ.

ನನ್ನ ಮಂಡಿನೋವು ಪರವಾಗಿಲ್ಲ. ಗುರುವಾರ ಸಂಜೆ ಬರುತ್ತೇವೆ. ಸೂಪ್ ಮಾಡಿಟ್ಟಿರು, ವೈನ್ ಸೀಸೆಯನ್ನು ನನ್ನ ಕೈಗೆಟಕುವಂತೆ ಇಡು. ನಿನ್ನ ಭಾವನಿಗಿಂತ ಮೊದಲು ನಾನು ಸುರಿದುಕೊಳ್ಳಬೇಕು.

ನಿನ್ನ ಅಕ್ಕ,
ಜಿನೆಟ್