ತಾರಿಣಿಗೊಂದು ವಿಳಾಸ

ಅವಳಿನಗರ, ಹುಬ್ಬಳ್ಳಿ ಕಡೆ
ಎರಡನೆಯ ವೈಶಾಖದ ಮೂವತ್ತೇಳನೇ ತಾರೀಕು, ೨೧೯೪

ನೂರೆಪ್ಪತ್ತು ವರ್ಷ ಹಿಂದೆ ಮಕ್ಕಳ ಕೈಹಿಡಿದು ಬಾಡಿಗೆ ಮನೆ ಹುಡುಕುತ್ತಿರುವ ಹಿರಿಯರಿಗೆ, ಇಂದುಮತಿ ಹಳ್ಯಾಳಳ ನಮಸ್ಕಾರ.

ತಾರೀಕು ನೋಡಿ ಕಾಗದ ಮಡಚಿಡಬೇಡಿ. ಬೇಸಿಗೆಯನ್ನು ಗಿಡ್ಡ ಮಾಡಲಾಗದೆ ನಮ್ಮವರು ವೈಶಾಖವನ್ನು ಉದ್ದ ಮಾಡಿದರು. ಅದೂ ಸಾಲದೆ ಎರಡು ಮಾಡಿದರು. ನನ್ನ ಬರಹದಲ್ಲಿ ನಿಮಗೆ ಗೊತ್ತಿರದ ಪದಗಳು ಬರುತ್ತವೆ. ಅವಕ್ಕಾಗಿ ಕ್ಷಮೆಯಿರಲಿ, ಬಂದಲ್ಲಿ ಬಿಡಿಸಿ ಹೇಳುತ್ತೇನೆ. ನನ್ನ ದನಿಯಲ್ಲಿ ಸಿಟ್ಟು ಕೇಳಿಸಿದರೆ ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ಅದು ಒಂದು ದಿನದ ಸಿಟ್ಟಲ್ಲ.

ನಮ್ಮಲ್ಲಿ ಪ್ರತಿ ಶಾಲೆಗೂ ಒಂದು ‘ನೆರಳು’ ಇದೆ. ಈ ಓಣಿಗಳ ಮಕ್ಕಳು ಈ ಶಾಲೆಗೇ ಎಂದು ನಗರಸಭೆ ಗೆರೆ ಎಳೆದಿರುತ್ತದೆ. ಗೆರೆಯ ಒಳಗಿನ ಜಾಗವೇ ನೆರಳು. ಬಿಸಿಲಿನಲ್ಲಿ ಮಕ್ಕಳು ದೂರ ನಡೆಯಬಾರದೆಂದು ಯಾರೋ ಪುಣ್ಯಾತ್ಮರು ಮಾಡಿದ ನಿಯಮವಂತೆ. ಆಮೇಲೆ ಬಂದವರು ಶಾಲೆಗಳಿಗೆ ದರ್ಜೆ ಕೊಟ್ಟರು: ಚಿನ್ನ, ಬೆಳ್ಳಿ, ತಾಮ್ರ, ಬೂದಿ. ಅಂದಿನಿಂದ ಮನೆಗೆ ಗೋಡೆ, ಗಾಳಿ, ನೀರು ನೋಡಿ ಬಾಡಿಗೆ ಹೇಳುವುದು ನಿಂತೇಹೋಯಿತು. ಯಾವ ನೆರಳು ಎಂದು ನೋಡಿ ಹೇಳುತ್ತಾರೆ. ಮಗುವಿಗೆ ಆರು ತುಂಬಿದ ದಿನಕ್ಕೆ ‘ವಿಳಾಸದಿನ’ ಎನ್ನುತ್ತೇವೆ. ಅಂದು ಮಗು ಎಲ್ಲಿದೆಯೋ ಅಲ್ಲಿನ ಶಾಲೆಯೇ ಹತ್ತು ವರ್ಷಕ್ಕೆ ಗಟ್ಟಿ. ಮನೆಯವರು ನಡುವೆ ನೆರಳು ಬಿಟ್ಟರೆ ಮಗುವಿನ ಹೆಸರು ಶಾಲೆಯ ಪಟ್ಟಿಯಿಂದ ಹೋಗುತ್ತದೆ. ಹಾಗೆ ಹೆಸರು ಹೋದ ಅಥವಾ ವಿಳಾಸವೇ ಇಲ್ಲದ ಮಗುವಿನ ಹೆಸರು ಚೀಟಿಗೆ ಬಿದ್ದು, ಚೀಟಿಯಲ್ಲಿ ಬಂದ ಊರಿನ ವಸತಿಶಾಲೆಗೆ ಅದನ್ನು ಕಳಿಸಬೇಕು. ನನ್ನ ಅಕ್ಕನ ಮಗ ಹಾಗೆ ಹೋದವನು. ವರ್ಷಕ್ಕೊಮ್ಮೆ ಬಂದಾಗ ಮನೆಯಲ್ಲಿ ನೆಂಟರಂತೆ ಕುರ್ಚಿಯ ತುದಿಗೆ ಕೂಡುತ್ತಿದ್ದ.

ನಾನು ಚಪ್ಪರಬೀದಿಯ ಹೊಲಿಗೆಯವಳು. ನಮ್ಮ ದೊಡ್ಡ ಬೀದಿಗಳ ಮೇಲೆಲ್ಲ ದಪ್ಪ ಬಟ್ಟೆಯ ಚಪ್ಪರವಿರುತ್ತದೆ. ಗಾಳಿಗೆ ಹರಿದದ್ದನ್ನು ಏಣಿ ಹತ್ತಿ ಹೊಲಿಯುವುದು ನನ್ನ ಕೆಲಸ. ನನ್ನ ಯಜಮಾನರು ಶಿವಯೋಗಿ ತೂಗುಬಂಡಿಯ ನಿಲ್ದಾಣದಲ್ಲಿ ನೌಕರರು. ತೂಗುಬಂಡಿಯೆಂದರೆ ತಂತಿಗೆ ಜೋತುಬಿದ್ದು ಧಾರವಾಡಕ್ಕೆ ಹೋಗಿಬರುವ ಬಂಡಿ. ನಮ್ಮ ಜೊತೆ ಅತ್ತೆ ಕಾಶವ್ವ ಮತ್ತು ಮಗಳು ತಾರಿಣಿ. ನಿಲ್ದಾಣದ ವಸತಿಗೃಹ ಕೆಡವುತ್ತೇವೆಂದು ನೋಟಿಸು ಬಂದಾಗ ತಾರಿಣಿಯ ವಿಳಾಸದಿನ ತೀರ ಹತ್ತಿರ ಬಂದಿತ್ತು.

ಮನೆ ತೋರಿಸಲು ವಿಲಾಸ ಮೂಡಲಗಿ ಎಂಬ ದಲ್ಲಾಳಿ ಸಿಕ್ಕ. ಮೊದಲು ಒಂದು ಬೆಳ್ಳಿನೆರಳಿಗೆ ಕರೆದೊಯ್ದ. ‘ಮಕ್ಕಳೊಂದಿಗರಿಗೆ ಹೇಳಿ ಮಾಡಿಸಿದ ಓಣಿ’ ಎಂದು ದಾರಿಯುದ್ದಕ್ಕೂ ಹಾಡಿದ್ದ. ಮನೆ ಚೆನ್ನಾಗಿತ್ತು. ಗೋಡೆಯ ಮೇಲೆ ನಿಯಮಗಳ ಹಲಗೆಯಿತ್ತು: ಪಡಸಾಲೆಯಲ್ಲಿ ಓಡಬಾರದು, ಚೆಂಡು ಪುಟಿಸಬಾರದು, ಗಟ್ಟಿಯಾಗಿ ಅಳಬಾರದು.

“ಮಕ್ಕಳಿಗೆ ಚಲೋ ಐತಿ ಅಂದಿದ್ರಲ್ರೀ?” ಎಂದೆ.

“ಮಕ್ಕಳು ಇರಬಹುದ್ರೀ ಬಾಯಾರ,” ಎಂದ ವಿಲಾಸ. “ಸಪ್ಪಳಾ ಇರಬಾರ್ದು, ಅಷ್ಟ.”

ಕಾಶವ್ವ ಸೊಂಟದ ಮೇಲೆ ಕೈಯಿಟ್ಟು ನಿಂತರು. “ತಮ್ಮಾ, ಸಪ್ಪಳಾ ಮಾಡದ ಕೂಸು ಬೇಕಂದ್ರ ಫೋಟೋ ತೂಗಹಾಕ್ರೋ,” ಎಂದು ಮೊಮ್ಮಗಳನ್ನು ಕರೆದುಕೊಂಡು ಮೆಟ್ಟಿಲು ಇಳಿದೇಬಿಟ್ಟರು.

ಇಂಥ ಎಷ್ಟೋ ಮನೆಗಳಾದವು. ಶಾಲೆ ಒಳ್ಳೆಯದಿದ್ದಲ್ಲಿ ಮನೆ ಕೈಗೆಟುಕಲಿಲ್ಲ; ಮನೆ ಕೈಗೆಟುಕಿದಲ್ಲಿ ನೀರಿರಲಿಲ್ಲ; ಎರಡೂ ಇದ್ದಲ್ಲಿ ನನ್ನ ಕೆಲಸಕ್ಕೆ ಮೂರು ಬಂಡಿ ಬದಲಿಸಬೇಕು. ಕೊನೆಗೆ ವಿಲಾಸ ದನಿ ತಗ್ಗಿಸಿ ‘ನೆರಳುಗೂಡು’ ಇದೆ ಎಂದ. ಚಿನ್ನನೆರಳಿನೊಳಗೆ ಕಟ್ಟಿದ, ಹಾಸಿಗೆ ಬಿಚ್ಚಿದರೆ ಬಾಗಿಲು ತೆರೆಯದಷ್ಟು ಸಣ್ಣ ಕೋಣೆಗಳು ಅವು. ಯಾರೂ ಅಲ್ಲಿ ಬದುಕುವುದಿಲ್ಲ, ವಿಳಾಸಕ್ಕಾಗಿ ಹಿಡಿಯುತ್ತಾರೆ. ವಿಳಾಸದಿನದ ಮುಂಚಿನ ಕೆಲವು ವಾರ ಮಾತ್ರ ತನಿಖೆಯವರು ಯಾವಾಗ ಬಂದರೂ ಮಗು ಒಳಗಿರಬೇಕು. ನನಗೆ ಮನಸ್ಸಿರಲಿಲ್ಲ. ಯಜಮಾನರು ಮಾತ್ರ ಹಟ ಹಿಡಿದರು. “ನಾವು ಎಲ್ಲಿ ಬೇಕಾದ್ರೂ ಬಿದ್ದಿರೋಣು. ಅಕೀ ಚಿನ್ನದ ಶಾಲಿಗೆ ಹೋಗಲಿ,” ಎಂದರು. ಅವರು ಬೂದಿಶಾಲೆಯಲ್ಲಿ ಓದಿದವರು; ಲೆಕ್ಕದಲ್ಲಿ ಎಷ್ಟು ಚುರುಕಿದ್ದರೂ ನಿಲ್ದಾಣದ ಮೇಲಧಿಕಾರಿಗಳು ಆ ಒಂದು ಪದ ಓದಿ ಅವರನ್ನು ಮೇಲೇರಿಸದೆ ಬಿಟ್ಟಿದ್ದರು. ಅದು ಗೊತ್ತಿದ್ದ ನಾನು ಹೂಂ ಎಂದೆ. ಹಗಲು ನಾವಿಬ್ಬರೂ ಕೆಲಸಕ್ಕೆ ಹೋಗುವುದರಿಂದ ಕಾಶವ್ವ ಮೊಮ್ಮಗಳೊಂದಿಗೆ ಗೂಡಿನಲ್ಲಿ ಕೂಡಲು ಒಪ್ಪಿದರು.

ನಮ್ಮ ಕಾಲದ ಮಧ್ಯಾಹ್ನ ನಿಮಗೆ ಗೊತ್ತಿಲ್ಲ. ಬೀದಿಗಳು ಖಾಲಿಯಾಗುತ್ತವೆ, ಹಕ್ಕಿಗಳು ಚಪ್ಪರದ ಕೆಳಗೆ ಬಂದು ಬಾಯಿ ತೆರೆದು ಕೂಡುತ್ತವೆ, ಶಾಲೆ ಕಚೇರಿಗಳು ನಸುಕಿಗೂ ಸಂಜೆಗೂ ನಡೆಯುತ್ತವೆ. ಅಂಥ ಒಂದು ಮಧ್ಯಾಹ್ನ ಆ ಕಟ್ಟಡದ ವಿದ್ಯುತ್ತು ಹೋಯಿತು. ಫ್ಯಾನು ನಿಂತ ಗೂಡು ರೊಟ್ಟಿಯ ಹಂಚಿನಂತೆ ಕಾಯಿತು. ಕಾಶವ್ವ ತಾರಿಣಿಯನ್ನು ಹೊರಗೆ ತಂದು ಎದುರಿನ ಬಾಗಿಲು ಬಡಿದರು. ಪಕ್ಕದ್ದು ಬಡಿದರು. ಸಾಲಿನ ಬಾಗಿಲುಗಳನ್ನೆಲ್ಲ ಬಡಿಯುತ್ತ ಹೋದರು. ಪ್ರತಿ ಬಾಗಿಲಿಗೂ ಹೆಸರಿತ್ತು, ಒಳಗೆ ಯಾರೂ ಇರಲಿಲ್ಲ. ಮೆಟ್ಟಿಲ ಬಳಿ ಅವರಿಗೆ ಕಣ್ಣು ಕತ್ತಲಿಟ್ಟಿತು.

ಐದು ವರ್ಷದ ತಾರಿಣಿ ಒಬ್ಬಳೇ ಕೆಳಗಿಳಿದು ಬಿಸಿಲಿಗೆ ಬಿದ್ದಳು. ಎಲ್ಲಿ ಮನುಷ್ಯರ ದನಿ ಕೇಳಿತೋ ಅತ್ತ ಓಡಿದಳಂತೆ. ಗೆರೆ ದಾಟಿದರೆ ಪಕ್ಕದ್ದೇ ಬೂದಿನೆರಳು, ಕುಂಬಾರಕೆರೆ ಓಣಿ. ಅಲ್ಲಿನ ಮನೆಗಳು ಮಧ್ಯಾಹ್ನದ ಬಿಸಿಲಿಗೆ ಕಾಯುತ್ತವೆಂದು ಜುಬೇದಾ ಅಕ್ಕೋರು ಶಾಲೆಯ ದೊಡ್ಡ ಕೋಣೆಯನ್ನು ತೆರೆದಿಟ್ಟು ಮಕ್ಕಳಿಂದ ಮಗ್ಗಿ ಹೇಳಿಸುತ್ತ ಕೂತಿದ್ದರು. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುವ ರೂಢಿ ಇನ್ನೂ ಉಳಿದಿದೆ. ಅಕ್ಕೋರೂ ಓಣಿಯ ಹೆಂಗಸರೂ ಹಗ್ಗದ ಹೊರಸು ಹೊತ್ತು ಓಡಿಬಂದು ಕಾಶವ್ವನವರನ್ನು ಎತ್ತಿಕೊಂಡು ಹೋದರು.

ಸುದ್ದಿ ತಿಳಿದು ನಾನು ಓಡಿಹೋದಾಗ ಅತ್ತೆ ಒದ್ದೆ ಗೋಣಿಯ ಮೇಲೆ ಮಲಗಿ ಮಜ್ಜಿಗೆ ಕುಡಿಯುತ್ತಿದ್ದರು. ತಾರಿಣಿ ಮಕ್ಕಳ ಸಾಲಿನಲ್ಲಿ ಕೂತು ತನಗೆ ಬಾರದ ಮಗ್ಗಿಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದಳು. ನಾನು ಅಕ್ಕೋರ ಕೈ ಹಿಡಿದೆ. ಆಮೇಲೆ, ನಿಮ್ಮ ಶಾಲೆ ಹೇಗಿದೆ ಎಂದು ಕೇಳಿದೆ.

“ಸುಳ್ಳು ಹೇಳಂಗಿಲ್ರೀ,” ಎಂದರು ಅಕ್ಕೋರು. “ಗಣಿತಕ್ಕ ಮಾಸ್ತರ ಇಲ್ಲ. ವಿಜ್ಞಾನದ ಕೋಣಿ ಸೋರ್ತೈತಿ. ಬ್ಯಾರೆ ಶಾಲಿಯವ್ರು ಬ್ಯಾಡ ಅಂದ ಮಕ್ಕಳೆಲ್ಲಾ ನಮ್ಮಲ್ಲೇ ಬರ್ತಾವು. ಬರೂದಾದ್ರ ಕಣ್ಣು ತೆರೆದು ಬರ್ರಿ.”

ಅಲ್ಲೇ ಓಣಿಯಲ್ಲಿ ದುಂಡವ್ವ ಎಂಬವರ ಮಾಳಿಗೆ ಮನೆ ಖಾಲಿಯಿತ್ತು. ನಾನು ನಿರ್ಧಾರ ಮಾಡಿದ್ದೆ. ಯಜಮಾನರು ಕೇಳಿ ಕೂಗಾಡಿದರು. “ಬೂದಿ ಶಾಲಿಗೆ ಹಾಕಿ ಅಕೀ ಹಣೇಬರಹಾನೂ ಬೂದಿ ಮಾಡ್ತಿ ಏನು?”

ಉತ್ತರ ಕೊಟ್ಟವರು ಅವರ ತಾಯಿ. “ಯೋಗೀ, ಆ ಗೂಡಿನ್ಯಾಗ ನಾ ಸತ್ತಿದ್ರ ಹೊರಾಕ ನಾಕು ಮಂದಿ ಸಿಗ್ತಿದ್ದಿಲ್ಲೋ. ಇನ್ನ ಅಂಥಲ್ಲಿ ಕೂಸು ಬೆಳೆಸ್ತೀಯೇನು?”

ಹೀಗೆ ಕುಂಬಾರಕೆರೆ ಓಣಿ ತಾರಿಣಿಯ ವಿಳಾಸವಾಯಿತು.

ಆಮೇಲೆ ಎಲ್ಲವೂ ಸುಖವಾಯಿತು ಎಂದುಕೊಳ್ಳಬೇಡಿ. ಅಕ್ಕೋರು ಹೇಳಿದ ಒಂದೊಂದು ಮಾತೂ ನಿಜವಿತ್ತು. ವಿಜ್ಞಾನದ ಕೋಣೆ ಸೋರಿತು. ಅದರ ಮೇಲೆ ನಾನೇ ಹಳೆಯ ಚಪ್ಪರ ಹೊಲಿದು ಕಟ್ಟಿದೆ. ಮಗಳು ಮೂರನೆಯ ಇಯತ್ತೆಯಲ್ಲಿ ಗಣಿತದಲ್ಲಿ ನಪಾಸಾದಳು. ಮರುದಿನ ಸಂಜೆ ಯಜಮಾನರು ನಿಲ್ದಾಣದಿಂದ ಬಂದವರೇ ಅಂಗಿ ಬದಲಿಸದೆ ಅವಳನ್ನು ಕೂಡಿಸಿಕೊಂಡು ಲೆಕ್ಕ ಹೇಳಿಕೊಟ್ಟರು. ಮರುವಾರ ಪಕ್ಕದ ಮನೆಯ ಮಕ್ಕಳು ಬಂದರು. ಆಮೇಲೆ ಮಾಳಿಗೆ ಸಾಲದೆ ಶಾಲೆಯ ಅಂಗಳಕ್ಕೇ ಪಾಠ ಹೋಯಿತು. ಓಣಿಯವರೆಲ್ಲ ಶಿಕ್ಷಣ ಕಚೇರಿಯ ಮುಂದೆ ಕೂತು ಕೂತು ಕೊನೆಗೆ ಒಬ್ಬ ಗಣಿತದ ಮಾಸ್ತರರನ್ನು ಪಡೆದೆವು. ಅವರು ಬಂದ ಮೇಲೂ ಯಜಮಾನರ ಸಂಜೆಯ ಪಾಠ ನಿಲ್ಲಲಿಲ್ಲ. ಒಂಬತ್ತು ವರ್ಷದಲ್ಲಿ ಆ ಶಾಲೆ ನಿಜಕ್ಕೂ ಒಳ್ಳೆಯ ಶಾಲೆಯಾಯಿತು. ಮಕ್ಕಳು ಓಣಿಯಲ್ಲಿ ಮನಸಾರೆ ಸಪ್ಪಳ ಮಾಡಿದರು, ಯಾರ ಮನೆಯಲ್ಲಿ ಹಸಿವಾಯಿತೋ ಅಲ್ಲೇ ಉಂಡರು.

ಅಲ್ಲಿಗೆ ಬಂದಿತು ನೋಡಿ ಅನಿಷ್ಟ.

ಈ ವರ್ಷ ದರ್ಜೆಪರೀಕ್ಷೆ. ಮಕ್ಕಳು ಬರೆದ ಪೇಪರು ನೋಡಿ ಶಾಲೆಯ ದರ್ಜೆ ತೀರ್ಮಾನವಾಗುತ್ತದೆ. ನಮ್ಮದಕ್ಕೆ ಬೆಳ್ಳಿ ಖಂಡಿತ ಎಂಬ ಮಾತು ಹಬ್ಬಿದ್ದೇ ತಡ, ಓಣಿಯಲ್ಲಿ ದಲ್ಲಾಳಿಗಳ ಓಡಾಟ ಶುರುವಾಯಿತು. ನಮ್ಮ ವಿಲಾಸನೂ ಬಂದ, ನನ್ನನ್ನು ಗುರುತಿಸಿ ಹಲ್ಲು ಬಿಟ್ಟ. ದುಂಡವ್ವ ತೀರಿಕೊಂಡಿದ್ದರು, ಅವರ ಅಳಿಯ ಮನೆ ಬಾಗಿಲಿಗೆ ಬಂದು, ಬೆಳ್ಳಿ ಬಂದರೆ ಬೆಳ್ಳಿಯ ಬಾಡಿಗೆ, ಆಗದಿದ್ದರೆ ಖಾಲಿ ಮಾಡಿ ಎಂದ. ಓಣಿಯ ಎಲ್ಲ ಮನೆಗಳಿಗೂ ಇದೇ ಮಾತು ಬಂತು. ಶಾಲೆಯನ್ನು ಒಳ್ಳೆಯದು ಮಾಡಿದ ತಪ್ಪಿಗೆ ನಾವೆಲ್ಲ ಅದರ ನೆರಳು ಬಿಟ್ಟು ಹೋಗಬೇಕು. ಸಣ್ಣ ಮಕ್ಕಳ ಹೆಸರು ಹೋಗುತ್ತದೆ, ಚೀಟಿ ಎತ್ತುತ್ತಾರೆ.

ಶಾಲೆಯಲ್ಲಿ ಸಭೆ ಸೇರಿತು. ಎಲ್ಲರೂ ಬೈದರು, ಯಾರಿಗೂ ದಾರಿ ತೋಚಲಿಲ್ಲ. ಆಗ ಎದ್ದು ನಿಂತವರು ನನ್ನ ಯಜಮಾನರು. ಅವರ ಬಾಯಿಂದ ಆ ಮಾತು ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

“ಪೇಪರ ಬರೀಬ್ಯಾಡ್ರಿ,” ಎಂದರು. “ಮಕ್ಕಳು ಬಿಳೀ ಹಾಳಿ ಕೊಟ್ಟು ಬರಲಿ. ಬೂದಿ ಬೂದಿನ ಇರಲಿ.”

ಜುಬೇದಾ ಅಕ್ಕೋರು ಕುರ್ಚಿಯಿಂದ ಎದ್ದರು. “ಇಷ್ಟು ವರ್ಷ ಕಲಿಸಿದ್ದು ಬಿಳೀ ಹಾಳಿ ನೋಡಾಕಲ್ಲ. ನಾ ಹೂಂ ಅನ್ನಂಗಿಲ್ಲ.” ಬಾಗಿಲ ತನಕ ನಡೆದು, “ಬ್ಯಾಡ ಅನ್ನಾಕೂ ಬಾಯಿ ಬರವಲ್ದು,” ಎಂದು ಹೊರಗೆ ಹೋದರು.

ಇವತ್ತು ಬೆಳಗ್ಗೆ ಪರೀಕ್ಷೆ ನಡೆಯಿತು. ಅಕ್ಕೋರು ಪೇಪರು ಹಂಚಿ, ಕಿಟಕಿಯ ಕಡೆ ಮುಖ ಮಾಡಿ ನಿಂತರಂತೆ. ಇಬ್ಬರೋ ಮೂವರೋ ಮಕ್ಕಳು ತಡೆಯಲಾರದೆ ಬರೆದರು. ಅವರನ್ನು ಯಾರೂ ಏನೂ ಅನ್ನಲಿಲ್ಲ. ಉಳಿದವರು ಬಿಳೀ ಹಾಳೆ ಕೊಟ್ಟು ಬಂದರು. ತಾರಿಣಿ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು.

“ಅವ್ವಾ, ನನಗ ಎಲ್ಲಾ ಬರ್ತಿತ್ತು,” ಎಂದಳು.

ಅವಳು ಸೀಮೆಸುಣ್ಣ ತೆಗೆದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತಳು. ನೆನಪಿನಿಂದ ಒಂದೊಂದೇ ಪ್ರಶ್ನೆ ಬರೆದು, ಕೆಳಗೆ ಲೆಕ್ಕ ಬಿಡಿಸಿದಳು. ಒಲೆಯ ಕಡೆಯಿಂದ ಹಿತ್ತಲ ಬಾಗಿಲ ತನಕ ನೆಲವೆಲ್ಲ ತುಂಬಿತು. ಯಜಮಾನರು ಮೊಣಕಾಲೂರಿ, ಕೈಯಲ್ಲಿ ಇನ್ನೊಂದು ಸೀಮೆಸುಣ್ಣ ಹಿಡಿದು, ಮೊದಲನೆಯದರಿಂದ ಹಿಡಿದು ನೋಡುತ್ತ ಹೋದರು. ಒಂದೊಂದಕ್ಕೂ ಸರಿ ಗುರುತು ಹಾಕಿದರು. ಒಂದೂ ತಪ್ಪಿರಲಿಲ್ಲ. ಕೊನೆಯ ಗುರುತು ಹಾಕಿದ ಮೇಲೆ ಅವರು ಏಳಲಿಲ್ಲ, ಅಲ್ಲೇ ತಲೆ ತಗ್ಗಿಸಿ ಕೂತರು. ಮಗಳು ಹೋಗಿ ಅವರ ಬೆನ್ನಿಗೆ ಒರಗಿದಳು.

ಅದನ್ನು ನೋಡಿ ಈ ಕಾಗದಕ್ಕೆ ಕೂತೆ. ಹಿರಿಯರೇ, ಒಳ್ಳೆಯ ಶಾಲೆ ಎಲ್ಲಿದೆ ಎಂದು ಕೇಳಿ ಮನೆ ಹುಡುಕುವುದು ತಪ್ಪಲ್ಲ; ನಾನೂ ಹಾಗೇ ಹುಡುಕಿದೆ. ಆದರೆ ಒಳ್ಳೆಯ ಶಾಲೆಯ ಕಡೆಗೆ ಗಂಟುಮೂಟೆ ಕಟ್ಟುವ ಮೊದಲು, ನಿಮ್ಮ ಓಣಿಯ ಶಾಲೆ ಯಾಕೆ ಹಾಗಿಲ್ಲ ಎಂದು ಒಮ್ಮೆ ಅದರ ಗೇಟಿನೊಳಗೆ ಹೋಗಿ ಕೇಳಿ. ನಾಲ್ಕು ಜನ ಸೇರಿ ಕೇಳಿ, ನಾಚಿಕೆ ಬಿಟ್ಟು ಕೇಳಿ. ನಿಮ್ಮ ಕಾಲದಲ್ಲಿ ಗೆರೆ ಇನ್ನೂ ಗಟ್ಟಿಯಾಗಿ ಬಿದ್ದಿಲ್ಲ. ಎಳೆಯಲು ಬಂದವರ ಕೈಯನ್ನು ಅಲ್ಲೇ ಹಿಡಿಯಿರಿ. ನಮ್ಮಿಂದ ಈಗ ಅದು ಆಗುತ್ತಿಲ್ಲ, ಹಾಳೆ ಖಾಲಿ ಬಿಡುವುದಷ್ಟೇ ಆಗುತ್ತಿದೆ.

ನೆಲ ಒರೆಸಲು ಅತ್ತೆ ಬಿಡುತ್ತಿಲ್ಲ. ಒಲೆ ಹಚ್ಚಬೇಕು, ರೊಟ್ಟಿ ಬಡಿಯಬೇಕು. ನಾವೆಲ್ಲ ಮಗಳ ಲೆಕ್ಕಗಳ ನಡುವೆ ಖಾಲಿ ಜಾಗ ಹುಡುಕಿ ಹುಡುಕಿ ಹೆಜ್ಜೆ ಇಡುತ್ತಿದ್ದೇವೆ.

ನಿಮ್ಮ ಮುಂದಿನವಳು,
ಇಂದುಮತಿ