ಮರ ಇನ್ನೂ ಒಣಗಿಲ್ಲ

ಅಳಿಯನೇ,

ಈ ಕಾಗದವನ್ನು ನಿಂತುಕೊಂಡು ಓದಬೇಡ. ನಿನ್ನ ಜೊತೆಗಿರುವ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದು. ಮಾವ ಕಾಗದ ಬರೆದಿದ್ದಾನೆ ಎಂದರೆ ಯಾರೋ ಹೋಗಿಬಿಟ್ಟಿರಬೇಕು ಎಂದುಕೊಂಡಿರುತ್ತೀಯ. ಯಾರೂ ಹೋಗಿಲ್ಲ. ನನ್ನ ತಂಗಿ, ನಿಮ್ಮಮ್ಮ, ಚೆನ್ನಾಗಿದ್ದಾಳೆ. ನಿನ್ನ ಅತ್ತೆ ನನ್ನನ್ನು ಬೈಯುವಷ್ಟು ಗಟ್ಟಿಯಾಗಿದ್ದಾಳೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನಿನಲ್ಲಿ ಮಾತಾಡಿದರೆ ಬೀದಿಯ ಆ ತುದಿಗೂ ಕೇಳಿಸುತ್ತದೆ, ಪಿಸುಗುಟ್ಟುವ ವಿದ್ಯೆ ನನಗೆ ಹತ್ತಲಿಲ್ಲ. ಬರೆಯುವುದೂ ಅಷ್ಟಕ್ಕಷ್ಟೇ. ನಾನು ಶಾಲೆ ಬಿಟ್ಟು ಉಳಿ ಹಿಡಿದಾಗ ಮೀಸೆ ಕೂಡ ಮೂಡಿರಲಿಲ್ಲ. ತಪ್ಪು ಕಂಡರೆ ನುಂಗಿಕೋ.

ನೀವಿಬ್ಬರೂ ಅವನ ಅಕ್ಕನ ಮಗುವನ್ನು ನೋಡಲು ಹೊರಟ ಮೇಲೆ ನಿಮ್ಮ ಕೋಣೆಯ ಕಿಟಕಿ ಗಾಳಿಗೆ ತೆರೆದುಕೊಂಡು, ಮಳೆನೀರು ಒಳಗೆ ಬಂದು, ಕೆಳಗಿನ ಮನೆಗೆ ತೊಟ್ಟಿಕ್ಕಿದೆ. ನಿಮ್ಮ ಮನೆ ಮಾಲೀಕ ಬೀಗದ ಕೈ ಹಿಡಿದುಕೊಂಡು ನನ್ನ ಅಂಗಡಿಗೆ ಬಂದ. ಒಬ್ಬನೇ ಬಂದಿದ್ದರೆ ಈ ಕಾಗದ ಬರೆಯುವ ಕೆಲಸ ಇರಲಿಲ್ಲ. ಜೊತೆಗೆ ನಮ್ಮ ಸಮಾಜದ ಅಧ್ಯಕ್ಷರಿದ್ದರು. "ನಾನೂ ಸುಮ್ನೆ ಬರ್ತೀನಿ, ಹುಡುಗರು ಮನೆ ಹೆಂಗಿಟ್ಕೊಂಡಿದಾರೆ ನೋಡೋಣ" ಎಂದರು. ಆ ಮನುಷ್ಯ ಸುಮ್ಮನೆ ಸೀನುವವನೂ ಅಲ್ಲ.

ಮೆಟ್ಟಿಲು ಹತ್ತುವಾಗ ಹಿಂದಿನಿಂದ ಕೇಳಿದರು. "ಭಾನುವಾರ ಮಧ್ಯಾಹ್ನ ಇಲ್ಲಿ ಭಾರಿ ಜನ ಸೇರ್ತಾರಂತಲ್ಲ. ಬರೀ ಗಂಡಸರೇ ಅಂತೆ." ಕಾಲು ನೋಯುತ್ತಿದೆ ಎನ್ನುವ ಹಾಗೆ ಗೋಡೆ ಹಿಡಿದುಕೊಂಡೆ. ಕೈಯಲ್ಲಿದ್ದ ಉಳಿಯನ್ನು ಚೀಲದೊಳಗೆ ಹಾಕಿಬಿಟ್ಟೆ, ಮೆಟ್ಟಿಲು ಮೆಟ್ಟಿಲಿಗೂ ಅದು ಸುತ್ತಿಗೆಗೆ ತಗುಲಿ ಟಕಟಕ ಅನ್ನುತ್ತಿತ್ತು.

ನಮ್ಮ ಬೀದಿಯ ದರ್ಜಿಯನ್ನು ನೀನು ನೋಡಿಲ್ಲ, ನೀನು ಹುಟ್ಟುವ ಮೊದಲಿನ ಮಾತು. ಅವನ ಬಗ್ಗೆ, ಅವನ ಮನೆಗೆ ಬಂದು ಹೋಗುತ್ತಿದ್ದ ಗೆಳೆಯನ ಬಗ್ಗೆ, ಸಮಾಜದ ಸಭೆಯಲ್ಲಿ ಒಬ್ಬರು ಒಂದು ಮಾತು ಎತ್ತಿದರು. ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ. ಬಟ್ಟೆ ಕೊಡುವುದನ್ನು ನಿಲ್ಲಿಸಿದರು, ಅಷ್ಟೆ. ಅವನು ಬೆಳಗ್ಗೆ ಬಾಗಿಲು ತೆಗೆದು, ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಸಂಜೆಯ ತನಕ ಕೈ ಕಟ್ಟಿ ಕೂತು, ಬಾಗಿಲು ಹಾಕುತ್ತಿದ್ದ. ಆ ಅಂಗಡಿ ಬಂದರೆ ರಸ್ತೆಯ ಆಚೆ ಬದಿಗೆ ಹೋಗಬೇಕು ಎಂದು ಮಕ್ಕಳಿಗೆ ಕೂಡ ಕಲಿಸಿದರು. ಒಂದು ದಿನ ಬಾಗಿಲು ತೆಗೆಯಲಿಲ್ಲ. ಇದ್ದಾನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಬಟ್ಟೆ ಕತ್ತರಿಸಲು ನಾನು ಮಾಡಿಕೊಟ್ಟಿದ್ದ ಹಲಗೆ ನನ್ನ ಅಂಗಡಿಯ ಮೂಲೆಗೇ ವಾಪಸ್ಸು ಬಂತು, ಅದರ ಮೇಲಿನ ಸೀಮೆಸುಣ್ಣದ ಗೆರೆ ಇನ್ನೂ ಹೋಗಿಲ್ಲ. ಅವತ್ತು ಮಾತು ಎತ್ತಿದವರು ಈ ಅಧ್ಯಕ್ಷರ ಅಪ್ಪ.

ಅದನ್ನೆಲ್ಲ ನೆನೆಯುತ್ತಲೇ ನಿಮ್ಮ ಬಾಗಿಲು ದಾಟಿದೆ. ಮೊದಲು ಕಂಡದ್ದು ಕೇರಂ ಬೋರ್ಡು. ನೆನಪಿದೆಯಾ, ಒಂದು ಭಾನುವಾರ ಬಾಗಿಲ ಅಗುಳಿ ನೋಡಲು ಬಂದಿದ್ದೆ. ಮೆಟ್ಟಿಲ ಮೇಲೇ ನಗು ಕೇಳಿಸುತ್ತಿತ್ತು, ಹೊಟ್ಟೆ ಹಿಡಿದುಕೊಂಡು ನಗುವ ನಗು. ಬಾಗಿಲು ತಟ್ಟಿದ್ದೇ ತಡ, ನಲ್ಲಿ ತಿರುಗಿಸಿದ ಹಾಗೆ ನಿಂತುಹೋಯಿತು. ಒಳಗೆ ಬಂದರೆ ಆ ನರ್ಸ್ ಹುಡುಗ, ಬಸ್ ಓಡಿಸುವವನು, ಕಣ್ಣಿಗೆ ಕಾಡಿಗೆ ಹಚ್ಚುವ ಬೇಕರಿಯವನು, ನೀವಿಬ್ಬರು, ಎಲ್ಲರೂ ಆಸ್ಪತ್ರೆಯಲ್ಲಿ ಸರದಿ ಕಾಯುವವರ ಹಾಗೆ ಮುಖ ಮಾಡಿಕೊಂಡು ಕೂತಿದ್ದಿರಿ. ಬೇಕರಿಯವನು "ಬನ್ನಿ ಯಜಮಾನ್ರೇ, ಕೇರಂ ಆಡ್ತಿದ್ವಿ" ಎಂದ. ಮನೆ ಪೂರಾ ಹುಡುಕಿದರೂ ಕೇರಂ ಬೋರ್ಡ್ ಇರಲಿಲ್ಲ. ಸುಳ್ಳು ಹೇಳುವವನಿಗೆ ಸಾಮಾನು ಬೇಡವೇನೋ? ಆ ವಾರವೇ ಒಂದು ಮಾಡಿ ಕಳಿಸಿದೆ. ಆ ಬೋರ್ಡಿನ ಮೇಲೆ ಬೆರಳು ಗಾತ್ರ ಧೂಳು ಕೂರಿಸಿದ್ದೀರಲ್ಲ, ಕತ್ತೆಗಳಾ. ಅಧ್ಯಕ್ಷರ ಕಣ್ಣು ಅತ್ತ ತಿರುಗುವ ಮೊದಲು ಉಬ್ಬಸ ಬಂದವನ ಹಾಗೆ ಅದಕ್ಕೆ ಒರಗಿ, ಅಂಗಿಯ ತೋಳಿನಿಂದಲೇ ಒರೆಸಿದೆ. "ಭಾನುವಾರ ಇದೇ ನೋಡಿ ಗಲಾಟೆ" ಎಂದೆ. ಮಾಲೀಕ ತಲೆಯಾಡಿಸಿದ. ಅಧ್ಯಕ್ಷರು ಆಗಲೇ ಮಲಗುವ ಕೋಣೆಗೆ ಹೋಗಿಯಾಗಿತ್ತು.

ಊರಿಗೆ ಹೊರಡುವಾಗ ಮಂಚ ಬೇರೆ ಮಾಡಿ ಹೋಗುವ ಅಭ್ಯಾಸ ನಿಮಗೆ ಇದೆ ಎಂದು ನನಗೆ ಗೊತ್ತು, ನೆಲದ ಮೇಲೆ ಮಂಚದ ಕಾಲು ಎಳೆದ ಗುರುತು ನೋಡಿದ್ದೇನೆ. ಈ ಸಲ ಮಗುವಿನ ಸಂಭ್ರಮದಲ್ಲಿ ಮರೆತಿದ್ದೀರಿ. ಎರಡೂ ಮಂಚ ಕೂಡಿಸಿ, ಮೇಲೆ ಒಂದೇ ಹಾಸು, ಎರಡು ದಿಂಬು, ದಿಂಬಿನಲ್ಲಿ ತಲೆ ಇಟ್ಟ ಹಳ್ಳ ಕೂಡ ಹಾಗೇ.

ನೀನು ಬಂದು "ಮಾವ, ಎರಡು ಒಂಟಿ ಮಂಚ ಬೇಕು" ಎಂದ ದಿನ ಅವನು ನಿನ್ನ ಹಿಂದೆ ನಿಂತು ನೆಲದ ಮೇಲಿನ ಮರದ ಹೊಟ್ಟನ್ನು ನೋಡುತ್ತಿದ್ದ, ಯಾರೋ ಬೈಯುತ್ತಾರೆ ಎನ್ನುವ ಹಾಗೆ. ಎರಡನ್ನೂ ಒಂದೇ ಎತ್ತರಕ್ಕೆ ಮಾಡಿದೆ. ತಲೆಹಲಗೆ ಒಂದೇ ತೊಲೆಯಿಂದ ಕೊಯ್ದು, ಮರದ ಎಳೆ ಈ ಮಂಚದಿಂದ ಆ ಮಂಚಕ್ಕೆ ಹರಿಯುವ ಹಾಗೆ ಕೂರಿಸಿದೆ. ಒಳಬದಿಯಲ್ಲಿ ಹಿತ್ತಾಳೆ ಕೊಕ್ಕೆ ಇಟ್ಟೆ. ನೀನು ಕೊಕ್ಕೆಯ ಮೇಲೆ ಹೆಬ್ಬೆರಳು ಆಡಿಸಿ "ಇದೇನು ಮಾವ?" ಎಂದೆ. "ಮುಚ್ಕೊಂಡು ಎತ್ಕೊಂಡ್ ಹೋಗು" ಎಂದೆ. ನಮ್ಮಿಬ್ಬರ ನಡುವೆ ಈ ವಿಷಯದಲ್ಲಿ ಆದ ಮಾತು ಅಷ್ಟೇ.

ಅಧ್ಯಕ್ಷರು ಬಗ್ಗಿ ನೋಡಿ, ಅದೇ ಕೊಕ್ಕೆಯನ್ನು ಹಿಡಿದರು. "ಇದ್ಯಾಕೆ ಮಂಚ ಎರಡೂ ಕಟ್ಹಾಕಿದಾರೆ?"

ನನಗೆ ಕೈ ಕೆಲಸ ಬಿಟ್ಟರೆ ಬರುವುದು ಸಿಟ್ಟು ಒಂದೇ. ಬಾಯಿ ತಲೆಗಿಂತ ಮುಂದೆ ಓಡಿತು. "ನಾನೇ ಹಾಕಿದ್ದು. ಮರ ಹಸಿ ಇತ್ತು. ಬೇರೆ ಬೇರೆ ಇಟ್ರೆ ಸೊಟ್ಟ ಆಗತ್ತೆ. ಒಣಗೋ ತನಕ ಬಿಡಿಸಿದ್ರೆ ಕಾಲು ಮುರೀತೀನಿ ಅಂತ ಇಬ್ಬರಿಗೂ ಹೇಳಿದೀನಿ." ಈ ಮಾತನ್ನು ಬೇರೆ ಬಡಗಿ ಕೇಳಿದ್ದರೆ ನೆಲದ ಮೇಲೆ ಬಿದ್ದು ಹೊರಳಾಡಿ ನಗುತ್ತಿದ್ದ.

"ನೀನೂ ಹಸಿ ಮರ ಹಾಕ್ತೀಯಾ? ಇದೇನಪ್ಪ ಹೊಸದು" ಎಂದರು. ನನ್ನ ಅಪ್ಪ, ನಾನು, ಹಸಿ ಮರಕ್ಕೆ ರಂಧ್ರ ಕೊರೆದವರಲ್ಲ. "ಅವಸರಕ್ಕೆ ಹಾಕಿದೆ" ಎಂದೆ. ಸಮಾಜದ ಸಭಾಂಗಣದ ಬಾಗಿಲುಗಳನ್ನು ನನ್ನಿಂದ ಮಾಡಿಸುವ ಮಾತಿತ್ತು. ಇನ್ನು ಮಾಡಿಸುವುದಿಲ್ಲ. ಹೋಗಲಿ.

ಅಲ್ಲಿಗೇ ಬಿಡಲಿಲ್ಲ. ಹಾಸನ್ನು ಎರಡು ಬೆರಳಲ್ಲಿ ಎತ್ತಿ, "ಇದೂ ಒಂದೇ ಇದೆಯಲ್ಲ. ಇದೂ ಮರ ಒಣಗಕ್ಕೇನಾ?" ಎಂದರು. "ಹೆಂಗಸರಿಲ್ಲದ ಮನೆ, ಎರಡೆರಡು ಹಾಸು ಒಗೆಯೋರ್ಯಾರು? ನೀವು ಬಂದು ಒಗೀತೀರಾ?" ಎಂದು ಕಿರುಚಿದೆ. ಮಾಲೀಕ ಗೊಳ್ಳೆಂದು ನಕ್ಕ. ಅಧ್ಯಕ್ಷರು ನಗಲಿಲ್ಲ. ಬಾಗಿಲ ಹತ್ತಿರ ನಿಂತು, "ಎಷ್ಟು ದಿನ ಬೇಕು ಒಣಗಕ್ಕೆ?" ಎಂದರು. "ಒಣಗಿದಾಗ ನಾನೇ ಹೇಳ್ತೀನಿ" ಎಂದೆ. "ಹೇಳು. ನಾನೂ ಬಂದು ನೋಡ್ತೀನಿ" ಎಂದು ಇಳಿದು ಹೋದರು.

ಆ ಒಂದು ಮಾತು ನನ್ನನ್ನು ತಿನ್ನುತ್ತಿದೆ. ಕಿಟಕಿ ಸರಿ ಮಾಡುವಾಗ ಸುತ್ತಿಗೆಯಿಂದ ಹೆಬ್ಬೆರಳು ಜಜ್ಜಿಕೊಂಡೆ. ಮನೆಗೆ ಬಂದು ಬಡಿಸಿದ ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸಿದೆ. ನಿನ್ನ ಅತ್ತೆ "ಯಾರ್ ಹೋದ್ರು?" ಎಂದಳು. "ಯಾರೂ ಹೋಗ್ಬಾರ್ದು ಅಂತಲೇ" ಎಂದೆ. ಅವಳು ನನ್ನನ್ನೇ ನೋಡಿ, ಬೆರಳಿಗೆ ಬಟ್ಟೆ ಸುತ್ತುತ್ತಾ, "ಆ ಕನ್ನಡಕದ ಅಂಗಡಿ ಹುಡುಗ ಮೊನ್ನೆ ಕೊಡೆ ಇಲ್ಲೇ ಬಿಟ್ಟೋಗಿದಾನೆ, ಬಂದ್ರೆ ಊಟಕ್ಕೇ ಬರಕ್ಕೇಳು, ಇಬ್ರೂ" ಎಂದಳು. ಅವಳಿಗೆ ಎಷ್ಟು ಗೊತ್ತಿದೆಯೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ. ನಿಮ್ಮಮ್ಮನಿಗೆ ನಾನು ಉಸಿರೆತ್ತಿಲ್ಲ.

ನಿಮ್ಮ ಬದುಕು ನನಗೆ ಅರ್ಥವಾಗಿದೆ ಎಂದುಕೊಳ್ಳಬೇಡ. ಅರ್ಥವಾಗಿಲ್ಲ. ಆದರೆ ಅವನು ಉಜ್ಜಿ ಕೊಟ್ಟ ಗಾಜಿನ ಕನ್ನಡಕ ಹಾಕಿಕೊಂಡೇ ಈ ಅಕ್ಷರ ಕಾಣುತ್ತಿದೆ ನನಗೆ. ಅವನು ಬಂದ ಮೇಲೆ ನೀನು ಹೊಟ್ಟೆ ತುಂಬ ಉಣ್ಣುತ್ತೀಯ, ಅದೂ ಕಾಣುತ್ತಿದೆ. ರಸ್ತೆಯಲ್ಲಿ ಅಧ್ಯಕ್ಷರ ಚಪ್ಪಲಿ ಸದ್ದು ಕೇಳಿದರೆ ಈಗ ನನ್ನ ಕೈಯಲ್ಲಿ ಗರಗಸ ನಿಲ್ಲುತ್ತದೆ. ಮೂಲೆಯಲ್ಲಿರುವ ದರ್ಜಿಯ ಹಲಗೆಯ ಕಡೆ ನೋಡುತ್ತೇನೆ.

ಈಗ ನಾನು ಹೇಳುವುದನ್ನು ಚೆನ್ನಾಗಿ ಕೇಳು. ಈ ಕಾಗದ ಓದಿದ ಕೂಡಲೇ ಓಡಿ ಬಂದು ಮಂಚ ಬಿಡಿಸಬೇಕು, ಭಾನುವಾರ ಯಾರೂ ಬರಬೇಡಿ ಎನ್ನಬೇಕು ಎಂದು ನಿನಗೆ ಅನಿಸುತ್ತದೆ. ಹಾಗೆ ಮಾಡಿದರೆ ಸಿಕ್ಕಿಬೀಳುತ್ತೀರಿ, ನನ್ನನ್ನೂ ಸಿಕ್ಕಿಸುತ್ತೀರಿ. ಅವರು ಬಂದು ನೋಡಿದಾಗ ಮಂಚ ಬೇರೆ ಇದ್ದರೆ ನನ್ನ ಮಾತು ಸುಳ್ಳಾಗುತ್ತದೆ. ಕೊಕ್ಕೆ ಹಾಕೇ ಇರಬೇಕು. ಹಗಲು ಹೊತ್ತಿನಲ್ಲೂ, ಊರಿಗೆ ಹೋದಾಗಲೂ, ಯಾರು ಬಂದರೂ. ಕೇಳಿದರೆ ಮಾವ ಮುಂಗೋಪಿ, ಬಿಡಿಸಿದರೆ ಕಾಲು ಮುರಿಯುತ್ತಾನೆ ಎನ್ನಿ, ಊರೆಲ್ಲ ನಂಬುತ್ತದೆ. ಕಿಟಕಿಯ ಅಂಚಿಗೆ ರಬ್ಬರ್ ಪಟ್ಟಿ ಹೊಡೆದಿದ್ದೇನೆ, ಮುಚ್ಚಿದರೆ ಒಳಗಿನ ನಗು ಹೊರಗೆ ಹೋಗುವುದಿಲ್ಲ. ಬೇಕರಿಯವನಿಗೆ ಹೇಳು, ನಗಲಿ. ಮತ್ತೆ ಆ ಕೇರಂ ಆಡುವುದನ್ನು ದಯವಿಟ್ಟು ಕಲಿಯಿರಿ.

ಆ ಮರ ಒಣಗಿತು ಎಂದು ಹೇಳಬೇಕಾದವನು ನಾನೊಬ್ಬನೇ. ನಾನು ಹೇಳುವುದಿಲ್ಲ. ಹೇಳದೇ ಸಾಯುತ್ತೇನೆ.

ಕಾಗದವನ್ನು ಒಲೆಗೆ ಹಾಕು. ಮಗುವಿಗೆ ನನ್ನ ಕಡೆಯಿಂದ ಒಂದು ಮುತ್ತು ಕೊಡಿ. ನೀವಿಬ್ಬರೂ ಒಂದೇ ಸೂರಿನ ಕೆಳಗೆ ತಲೆ ನರೆಯುವ ತನಕ ಬಾಳಿ. ಬರುವಾಗ ಹಗಲಿನಲ್ಲೇ ಬನ್ನಿ, ಬಸ್ಸಿಳಿದು ನೇರ ನಮ್ಮ ಮನೆಗೆ.

ಹಸಿ ಮರದ ಬಡಗಿ ಎಂದು ಹೆಸರು ಕೆಡಿಸಿಕೊಂಡ
ನಿನ್ನ ಮಾವ